ಕುದಿಸಿದರೂ ಸಾಯದ ಕಿಣ್ವ

ಕಿಣ್ವಗಳ ಮೇಲೆ ಸಂಶೋಧನೆ ಮಾಡಿದವನೆಂದು ಗೊತ್ತಾದ ಕೂಡಲೇ ವಿಜಯನಗರದ ನಮ್ಮ ರಸ್ತೆಯ ಜನ ನನ್ನ ಬಳಿ ಹೊಟ್ಟೆಯುಬ್ಬರಕ್ಕೆ ಮಾತ್ರೆ ಕೇಳುತ್ತಾರೆ. ನಾನು ವೈದ್ಯನಲ್ಲ, ಜೀವಕೋಶದೊಳಗಿನ ರಾಸಾಯನಿಕ ಕ್ರಿಯೆಗಳಿಗೆ ವೇಗ ಕೊಡುವ ವಸ್ತುಗಳನ್ನು ಅಭ್ಯಾಸ ಮಾಡುವವನು ಎಂದು ವಿವರಿಸಿ ಮುಗಿಸುವಷ್ಟರಲ್ಲಿ ಅವರಿಗೆ ತೇಗು ಬಂದು ಸಮಸ್ಯೆ ತಾನಾಗಿಯೇ ಪರಿಹಾರವಾಗಿರುತ್ತದೆ. ಇಂಥವನಿಗೆ ದೊಡ್ಡ ಪ್ರಶಸ್ತಿಯೊಂದು ಬಂದಾಗ ಬಡಾವಣೆಯ ಸಂಘದವರು ಮೈಸೂರು ಪೇಟ ತೊಡಿಸಿ ಸನ್ಮಾನಿಸಿದ್ದು ಅವರ ದೊಡ್ಡತನ.

ಪ್ರಶಸ್ತಿ ಬಂದದ್ದು ಅವರೆಕಾಳಿನ ಒಂದು ಕಿಣ್ವದಿಂದ. ಕುದಿಸಿದರೆ ಸಾಮಾನ್ಯವಾಗಿ ಕಿಣ್ವಗಳು ಕೆಲಸ ನಿಲ್ಲಿಸುತ್ತವೆ, ಇದು ನಿಲ್ಲಿಸಲಿಲ್ಲ. ಅದನ್ನು ಮೊದಲು ಕಂಡವಳು ನನ್ನ ಕೈಕೆಳಗೆ ಪಿಎಚ್‌ಡಿ ಮಾಡುತ್ತಿದ್ದ ಶೈಲಜಾ, ಬಿನ್ನಿಪೇಟೆಯ ಗಿರಣಿ ಕಾರ್ಮಿಕರೊಬ್ಬರ ಮೊಮ್ಮಗಳು. ಮೂರು ಸಲ ಮಾಡಿ ನೋಡಿದೆನೆಂದು ಅವಳು ನೋಟ್‌ಬುಕ್ ಮುಂದಿಟ್ಟಾಗ ನಾನು ಕನ್ನಡಕವನ್ನೂ ಹಾಕಿಕೊಳ್ಳದೆ, ಟ್ಯೂಬು ಅದಲುಬದಲಾಗಿರಬೇಕು ಎಂದು ಎಲ್ಲರೆದುರು ನಕ್ಕೆ. ಅವಳು ವಾದಿಸಿದಳು. ವಾದಿಸುವ ವಿದ್ಯಾರ್ಥಿಗಳು ನನಗೆ ಭಾಷಣಗಳಲ್ಲಿ ಮಾತ್ರ ಇಷ್ಟ. ಮುಂದಿನ ವರ್ಷದ ಅವಳ ಫೆಲೋಶಿಪ್ ಅರ್ಜಿಗೆ ಸಹಿ ಹಾಕಲಿಲ್ಲ. ಅವಳು ಸಂಶೋಧನೆ ಬಿಟ್ಟಳು.

ಆಮೇಲೊಂದು ಬೇಸಿಗೆ ರಜೆಯಲ್ಲಿ, ಅವಳದು ತಪ್ಪೆಂದು ಖಾತ್ರಿಪಡಿಸಿಕೊಳ್ಳುವ ಸಮಾಧಾನಕ್ಕಾಗಿಯೇ, ನಾನು ಆ ಪ್ರಯೋಗ ಮಾಡಿದೆ. ಅವಳು ಹೇಳಿದ್ದೇ ನಿಜವಾಗಿತ್ತು. ಲೇಖನ ಬರೆಯುವಾಗ ಅವಳ ಹೆಸರು ಸೇರಿಸದಿರಲು ಹತ್ತಾರು ಕಾರಣಗಳು ಹೊಳೆದವು. ಓದಿದವರಿಗೆ ಕಾರಣಗಳ ಬರವೇ, ನೀವೇ ಹೇಳಿ.

ಸನ್ಮಾನಕ್ಕೆ ಶೈಲಜಾ ಬಂದಿದ್ದಳು. ಈಗ ಆರ್‌ಪಿಸಿ ಲೇಔಟಿನಲ್ಲಿ ಪಿಯುಸಿ ಮಕ್ಕಳಿಗೆ ಟ್ಯೂಷನ್ ಹೇಳುತ್ತಾಳಂತೆ. ಏಳೆಂಟು ಹುಡುಗಿಯರನ್ನೂ ಕರೆತಂದು, ಇವರೇ ನನ್ನ ಗುರುಗಳು ಎಂದು ಪರಿಚಯಿಸಿದಳು. ಕೋಪದಿಂದ ಬಂದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಹುಡುಗಿಯರು ತಿಂಡಿಯ ಕಡೆ ಹೋದ ಮೇಲೆ ದನಿ ತಗ್ಗಿಸಿ ಹೇಳಿದೆ:

"ಆ ಪ್ರಯೋಗ ನಿಂದು, ಶೈಲಜಾ."

"ಗೊತ್ತು ಸಾರ್. ಅದನ್ನ ಆ ಮಕ್ಕಳ ಮುಂದೆ ಒಂದ್ಸಲ ಹೇಳ್ತೀರಾ?"

ಸಂಘದ ಅಧ್ಯಕ್ಷರು ಪಕ್ಕದಲ್ಲೇ ನಿಂತಿದ್ದರು. ಇವತ್ತು ಬೇಡ, ಇನ್ನೊಂದು ದಿನ ಎಲ್ಲರನ್ನೂ ಮನೆಗೆ ಕರೆದುಕೊಂಡು ಬಾ ಎಂದೆ. ಅವಳು ಹುಡುಗಿಯರನ್ನು ಕೂಗಿ, ಫೋಟೋಗೆಂದು ನನ್ನ ಎರಡೂ ಪಕ್ಕಕ್ಕೆ ನಿಲ್ಲಿಸಿದಳು.

ಫೋಟೋ ಚೆನ್ನಾಗಿ ಬಂದಿದೆ. ಸಂಘದ ಗೋಡೆಗೆ ಹಾಕಿದ್ದಾರೆ. ತೆಗೆದವಳು ಶೈಲಜಾ. ಹಾಗಾಗಿ ಅದರಲ್ಲೂ ಅವಳಿಲ್ಲ.