ಭುಜ ತಟ್ಟಿದರೆ ಬಿಡುವು

ಫ್ರೀಮಾಂಟ್ ಬೀದಿಯ ಕ್ಯಾಸಿನೊಗಳಲ್ಲಿ ವರ್ನಾ ಹಾಲೊಕ್ ಇಪ್ಪತ್ತು ವರ್ಷದ ಹತ್ತಿರ ಪೋಕರ್ ಎಲೆ ಹಂಚಿದ್ದಳು. ಪ್ರತಿ ಮೇ ತಿಂಗಳು ಚಾಂಪಿಯನ್‌ಶಿಪ್‌ಗೆ ಎಲೆ ಹಂಚುವ ಊರಿನ ಡೀಲರ್‌ಗಳನ್ನೆಲ್ಲ ಕರೆಸುತ್ತಿದ್ದರು. ಇವಳೂ ಹೋಗಿ ಟೆಕ್ಸಸ್‌ನ ದೊಡ್ಡ ಟೋಪಿಯ ಆಟಗಾರರಿಗೆ ಹಂಚಿ ಬರುತ್ತಿದ್ದಳು. ೧೯೮೧ರಲ್ಲಿ ಮಾತ್ರ ರಜೆ ಹಾಕಿದಳು. ಒಮ್ಮೆಯಾದರೂ ಮೇಜಿನ ಆಚೆ ಕಡೆ ಕೂರಬೇಕೆಂಬುದು ಅವಳ ಆಸೆ.

ಪ್ರವೇಶಧನ ಡೀಲರ್ ಸಂಬಳಕ್ಕೆ ಎಟುಕುವಂಥದ್ದಲ್ಲ. ಅದಕ್ಕೊಂದು ಒಳದಾರಿ ಇತ್ತು: ಮುನ್ನಾದಿನ ಹತ್ತು ಜನ ಸ್ವಲ್ಪ ಸ್ವಲ್ಪ ಹಾಕಿ ಒಂದೇ ಮೇಜಿನಲ್ಲಿ ಆಡುವುದು, ಕೊನೆಗೆ ಉಳಿದವರಿಗೆ ಚಾಂಪಿಯನ್‌ಶಿಪ್‌ನ ಕುರ್ಚಿ.

ಮಧ್ಯಾಹ್ನದ ಹೊತ್ತಿಗೆ ಇಬ್ಬರು ಉಳಿದರು: ವರ್ನಾ, ಮತ್ತು ಎದುರಾಳಿಯ ಮುಖ ಓದಿಯೇ ಹೊಟ್ಟೆ ಹೊರೆದ ಟೆಕ್ಸಸ್ ಮುದುಕ ಬ್ಯುಫರ್ಡ್ ಟಾಕೆಟ್. ಅವಳು ಹಂಚಿದ ದರಿದ್ರ ಎಲೆಗಳಿಂದಲೇ ತನ್ನ ಪಿಕಪ್ ಗಾಡಿ ಹೋಯಿತು, ಇವತ್ತು ಲೆಕ್ಕ ಚುಕ್ತಾ ಎಂದು ಆತ ಬೆಳಗಿನಿಂದ ಕೆಣಕುತ್ತಲೇ ಇದ್ದ.

ಆಗ ಹಂಚಿದ ಆಟದಲ್ಲಿ ವರ್ನಾಳ ಕೈಯಲ್ಲಿದ್ದದ್ದು ಒಂದು ಏಳು, ಒಂದು ಎರಡು; ಮೇಜಿನ ಮೇಲೆ ತೆರೆದಿದ್ದ ಎಲೆಗಳಿಗೆ ಎರಡೂ ಹೊಂದುತ್ತಿರಲಿಲ್ಲ. ಆದರೂ ಹಣದ ಬದಲು ಇಡುವ ಬಿಲ್ಲೆಗಳನ್ನು, ಇದ್ದ ಚಿಪ್ಸ್ ಎಲ್ಲವನ್ನೂ, ಮುಂದೆ ತಳ್ಳಿದಳು. ಟಾಕೆಟ್ ಹೆದರಿ ಎಲೆ ಬಿಸಾಡಿದರೆ ಮೇಜಿನ ನಡುವಿನ ರಾಶಿ ಇವಳದು. ಇಲ್ಲವಾದರೆ ಕುರ್ಚಿ ಅವನದು.

ಆತ ಅವಳನ್ನು ದಿಟ್ಟಿಸಿದ. "ಕತ್ತಿನ ನರ ಕುಣೀತಿದೆಯಲ್ಲಮ್ಮ."

ನಿಜಕ್ಕೂ ಕುಣಿಯುತ್ತಿತ್ತು.

ಆಗಲೇ ಕಾಫಿ ತಂದ ಗೆಳತಿ ಇಮೋಜೀನ್ ಹಿಂದಿನಿಂದ ಅವಳ ಭುಜ ತಟ್ಟಿದಳು. ಡೀಲರ್‌ನ ಭುಜ ತಟ್ಟಿದರೆ ಅರ್ಥ ಒಂದೇ: ಬದಲಿ ಆಳು ಬಂತು, ನೀನು ಏಳು. ವರ್ನಾ ಒಮ್ಮೆ ಚಪ್ಪಾಳೆ ತಟ್ಟಿದಳು. ಚಿಪ್ಸ್ ಬಚ್ಚಿಟ್ಟುಕೊಂಡಿಲ್ಲ ಎಂದು ಡೀಲರ್‌ಗಳು ತೋರಿಸುವಂತೆ ಎರಡೂ ಅಂಗೈಗಳನ್ನು ಚಾವಣಿಗೆ ತೋರಿಸಿದಳು. ಎದ್ದು ವಿಶ್ರಾಂತಿ ಕೋಣೆಯ ಕಡೆ ನಡೆದಳು.

ನಡುಗುವವರನ್ನು, ಬೆವರುವವರನ್ನು, ಶಿಳ್ಳೆ ಹಾಕುವವರನ್ನು ಟಾಕೆಟ್ ಕಂಡಿದ್ದ. ಎಲ್ಲ ಪಣಕ್ಕಿಟ್ಟು ಕೈ ಕೊಡವಿಕೊಂಡು ಹೊರಟುಬಿಡುವವರನ್ನು ಕಂಡಿರಲಿಲ್ಲ. ತನ್ನ ಎರಡು ರಾಣಿಗಳನ್ನು ಮತ್ತೆ ನೋಡಿಕೊಂಡ, ಅವಳ ಬೆನ್ನನ್ನು ನೋಡಿದ, ರಾಣಿಗಳನ್ನು ಬಿಸಾಡಿದ.

"ಹೋಗ್ಲಿ ಬಿಡು ತಾಯಿ. ಗೆದ್ದಾಯ್ತು ಅಂತ ಎದ್ದು ಹೋಗೋಳ ಹತ್ರ ನಾನೇನು ಜಗಳ ಆಡ್ಲಿ?"

ಬಾಗಿಲ ಬಳಿ ವರ್ನಾಗೆ ತಾನಿವತ್ತು ಆಡಲು ಬಂದವಳು ಎಂಬ ಎಚ್ಚರವಾಯಿತು. ಕೆಂಪೇರಿದ ಮುಖದಲ್ಲಿ ಮರಳುವಾಗ ಡೀಲರ್ ಚಿಪ್ಸ್ ರಾಶಿಯನ್ನು ಅವಳ ಖಾಲಿ ಕುರ್ಚಿಯ ಮುಂದೆ ತಳ್ಳುತ್ತಿದ್ದ. ಆಮೇಲೆ ಮುದುಕನ ಆಟ ಹಳಿಗೆ ಬರಲಿಲ್ಲ. ಕಾಫಿ ಆರುವುದರೊಳಗೆ ಉಳಿದದ್ದೂ ಈಚೆ ಬಂತು, ಕುರ್ಚಿ ಅವಳದಾಯಿತು.

ಕೈಕುಲುಕುವಾಗ ಆತ ಆ ಆಟದಲ್ಲಿ ಕೈಯಲ್ಲಿ ಏನಿತ್ತು ಎಂದು ಕೇಳಿದ.

"ಏನೂ ಇರ್ಲಿಲ್ಲ. ಬಿಡುವಾಯ್ತು ಅಂದ್ಕೊಂಡೆ ಕಣಪ್ಪ."

ಟೋಪಿ ಬೀಳುವಷ್ಟು ನಕ್ಕ.

ಮರುದಿನ ಚಾಂಪಿಯನ್‌ಶಿಪ್‌ನಲ್ಲಿ ಇಮೋಜೀನ್‌ಗೆ ಹತ್ತಿರ ಸುಳಿಯಬೇಡ ಎಂದು ತಾಕೀತು ಮಾಡಿ ವರ್ನಾ ಸಂಜೆಯವರೆಗೆ ಆಡಿ, ಸೋತು, ಊಟಕ್ಕೆ ಮನೆ ಸೇರಿದಳು. ಮುಂದಿನ ವಾರ ಎಂದಿನಂತೆ ಎಲೆ ಹಂಚುತ್ತಿದ್ದಾಗ ಅವಳ ಮೇಜಿನಲ್ಲಿ ಟಾಕೆಟ್ ಕೂತಿದ್ದ. ಬದಲಿ ಡೀಲರ್ ಬಂದು ಭುಜ ತಟ್ಟಿದ. ವರ್ನಾ ಚಪ್ಪಾಳೆ ತಟ್ಟಿ ಅಂಗೈ ತೋರಿಸಿದಳು.

ಟಾಕೆಟ್ ತನ್ನ ಎಲೆಗಳನ್ನು ನೋಡದೆಯೇ ಬಿಸಾಡಿದ.