ಕುದಿಸಿದ ಬೀಜಗಳು

ಮಂಗಳವಾರ, ಬೆಳಿಗ್ಗೆ ಹತ್ತು ಗಂಟೆ ಹತ್ತು ನಿಮಿಷ. ಸ್ಥಳ: ಶಹಾಪುರ, ನಮ್ಮ ಮನೆಯ ಪಡಸಾಲೆ. ಹಾಜರಿದ್ದವರು: ನಾನು ಮತ್ತು ಯಾದಗಿರಿಯಿಂದ ಬಸ್ಸಿನಲ್ಲಿ ಬಂದ ಒಬ್ಬ ಹೆಣ್ಣುಮಗಳು.

ಮೂವತ್ತಮೂರು ವರ್ಷ ಗಗನಸಖಿಯಾಗಿ ದುಡಿದವಳು ನಾನು. ಪ್ರತಿ ಹಾರಾಟದ ವರದಿಯನ್ನು ಹೀಗೇ ಆರಂಭಿಸುತ್ತಿದ್ದೆ. ನಿವೃತ್ತಿಯಾಗಿ ಬಹಳ ದಿನಗಳಾದವು, ಅಭ್ಯಾಸ ಹೋಗಿಲ್ಲ.

ಬಂದವಳು ಚೀಲದಿಂದ ಒಂದು ಹಳೆಯ ಬಿಸ್ಕೀಟಿನ ತಗಡಿನ ಡಬ್ಬಿ ತೆಗೆದು ಟೀಪಾಯಿಯ ಮೇಲೆ ಇಟ್ಟಳು. "ಮಾಳಗಿ ಕೆಡವಾಕತ್ತೇವ್ರಿ. ಅಟ್ಟದ ಮ್ಯಾಲ ಸಿಕ್ತು. ನಿಮ್ಮದಂತ ಅತ್ತಿ ಹಿಂದ ಹೇಳಿದ್ಲು" ಅಂದಳು. ಮುಚ್ಚಳಕ್ಕೆ ತುಕ್ಕು ಹಿಡಿದಿತ್ತು. ಚಮಚದ ಹಿಡಿಯಿಂದ ಎಬ್ಬಿಸಿದೆ. ಮೇಲೆ ಮಡಚಿಟ್ಟ ನಾಲ್ಕು ಬಟ್ಟೆಯ ತುಂಡುಗಳು. ಅವುಗಳಿಂದ ಬೆಳ್ಳುಳ್ಳಿ, ಕೆಂಪುಖಾರ, ಶೇಂಗಾದ ಹಳೇ ಕಮಟು ವಾಸನೆ ಎದ್ದಿತು. ಎಷ್ಟು ಸಲ ಒಗೆದರೂ ಶೇಂಗಾ ಹಿಂಡಿಯ, ಅಂದರೆ ಚಟ್ನಿಪುಡಿಯ, ಎಣ್ಣೆ ಬಟ್ಟೆ ಬಿಡುವುದಿಲ್ಲ. ಬಟ್ಟೆಯ ಕೆಳಗೆ ಏನಿದೆ ಎಂದು ನೋಡುವ ಮೊದಲೇ ನನಗೆ ಗೊತ್ತಾಯಿತು...

ಯಾದಗಿರಿ ಸ್ಟೇಷನ್ನಿನ ಎದುರು, ಟಾಂಗಾ ನಿಲ್ಲುವ ಜಾಗದ ಪಕ್ಕದಲ್ಲಿ, ಆ ಅತ್ತೆಯ ಖಾನಾವಳಿ ಇತ್ತು. ನಾಲ್ಕು ಬೆಂಚು, ಒಂದು ಒಲೆ, ಹೊರಗೆ ಕೈ ತೊಳೆಯುವ ಹೌದು, ಅಂದರೆ ನೀರಿನ ತೊಟ್ಟಿ. ತವರು ಸುರಪುರ. ಊರಿಗೆಲ್ಲ ಅವಳು ಖಾನಾವಳಿ ದೊಡ್ಡವ್ವ. ನಾನೂ ದೊಡ್ಡವ್ವ ಎಂದೇ ಕರೆದೆ.

ನನ್ನ ಅವ್ವ ಕೆಂಭಾವಿ ಸಂತೆಯಲ್ಲಿ ಬಳೆ ಮಾರುತ್ತಿದ್ದಳು. ಬುಟ್ಟಿ ತಲೆಯ ಮೇಲೆ, ಸಂತೆ ಇಲ್ಲದ ದಿನ ಹಳ್ಳಿಹಳ್ಳಿ. ನನಗೆ ಇಪ್ಪತ್ತೆರಡಕ್ಕೆ ವಿಮಾನದಲ್ಲಿ ಕೆಲಸ ಸಿಕ್ಕಿತು. ಮೊದಲ ಒಂದು ವರ್ಷ ಪರೀಕ್ಷೆಯ ಅವಧಿ. ಕಾಯಂ ಆಗುವ ಮೊದಲೇ ಮನಸ್ಸಿನಲ್ಲಿ ಒಂದು ನಿಶ್ಚಯ ಮಾಡಿದ್ದೆ: ಅವ್ವನಿಗೆ ಕೆಂಭಾವಿಯಲ್ಲಿ ಸ್ವಂತ ಅಂಗಡಿ ಆಗಬೇಕು, ಬುಟ್ಟಿ ಇಳಿಯಬೇಕು.

ಮುಂಬೈಗೆ ಹೋಗಲು ಯಾದಗಿರಿಯಲ್ಲೇ ರೈಲು ಹತ್ತಬೇಕು. ಕೆಲಸ ಸೇರಿ ಮೊದಲ ಸಲ ರಜೆಗೆ ಬಂದು ಹೊರಟಾಗ ಗಾಡಿಗೆ ಮೂರು ತಾಸು ಇತ್ತು. ಖಾನಾವಳಿಗೆ ಹೋಗಿ, ಪೂರಾ ಊಟ ಬೇಡ, ಬರೇ ಒಂದು ರೊಟ್ಟಿ, ಮಜ್ಜಿಗೆಗೆ ಎಷ್ಟು ಎಂದು ಕೇಳಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಒಂದ ರೊಟ್ಟಿ ಉಂಡು ಎದ್ದರ ನನ್ನ ಒಲಿ ಮರ್ಯಾದಿ ಏನಾಗಬೇಕು? ಕುಂದ್ರು."

"ಹಸಿವಿಲ್ರಿ, ದೊಡ್ಡವ್ವ."

"ಹಸಿವಿಲ್ಲ ಅಂತ ನೀ ಅನ್ನಾಕತ್ತಿಲ್ಲ. ನಿನ್ನ ಪರ್ಸ ಅನ್ನಾಕತ್ತದ."

ಬೆಂಚಿನ ಮೇಲಿದ್ದವರೆಲ್ಲ ನಕ್ಕರು. ನಾನು ಕುಳಿತೆ. ಪುಂಡಿಪಲ್ಲೆ, ಮೊಳಕೆ ಹೆಸರಿನ ಉಸಳಿ, ಹಸಿ ಉಳ್ಳಾಗಡ್ಡಿ, ಮೊಸರು. ನಾಲ್ಕು ರೊಟ್ಟಿ ಉಂಡೆ. ಮೊಸರು ಉಣ್ಣದೆ ಯಾರನ್ನೂ ಅವಳು ಬೆಂಚಿನಿಂದ ಏಳಗೊಡುತ್ತಿರಲಿಲ್ಲ.

ಉಣ್ಣುತ್ತ ನನ್ನ ಕೆಲಸದ ಹಕೀಕತ್ತು ಹೇಳಿದೆ. ಪರದೇಶದಲ್ಲಿ ಇಳಿದಾಗ ಕಂಪನಿ ದೊಡ್ಡ ಹೋಟೆಲಿನಲ್ಲಿ ಕೋಣೆ ಕೊಡುತ್ತದೆ, ಊಟಕ್ಕೆಂದು ಆ ದೇಶದ ರೊಕ್ಕ ಕೈಗೆ ಕೊಡುತ್ತದೆ. ಹೋಟೆಲಿನಲ್ಲಿ ಉಂಡರೆ ಅಷ್ಟೂ ಖರ್ಚು, ಉಣ್ಣದಿದ್ದರೆ ಅಷ್ಟೂ ಉಳಿತಾಯ. ನಮ್ಮ ಸಿಬ್ಬಂದಿಯಲ್ಲಿ ಒಬ್ಬೊಬ್ಬರದು ಒಂದೊಂದು ಉಪಾಯ. ಒಬ್ಬಳು ಕೋಣೆಯ ಕೆಟಲಿನಲ್ಲಿ ಅವಲಕ್ಕಿ ನೆನೆಸುತ್ತಿದ್ದಳು. ಒಬ್ಬ ಇಸ್ತ್ರಿ ಪೆಟ್ಟಿಗೆಯನ್ನು ಮಗುಚಿ ಇಟ್ಟು ಚಪಾತಿ ಬಿಸಿ ಮಾಡುತ್ತಿದ್ದ. ನಾನೂ ಅದನ್ನು ಕಲಿತು, ಮರುದಿನ ಸಮವಸ್ತ್ರದ ಸೀರೆಯ ಮೇಲೆ ತುಪ್ಪದ ಕಲೆ ಎಳೆದುಕೊಂಡು ಬೈಸಿಕೊಂಡಿದ್ದೆ.

ಇದನ್ನು ಕೇಳಿ ಅವಳು ಸೆರಗು ಬಾಯಿಗೆ ಹಿಡಿದು ನಕ್ಕಳು. "ಯವ್ವಾ, ಇಸ್ತ್ರಿ ಮಾಡಿದ ರೊಟ್ಟಿ ಉಂಡು ಬಂದಾಳಲ್ಲ ಈಕಿ." ಆಮೇಲೆ ಎಷ್ಟು ದಿನ, ಎಷ್ಟು ಊಟ ಎಂದು ಕೇಳಿ, ಹಳೇ ಸೀರೆ ಹರಿದು ಗಂಟು ಕಟ್ಟಿದಳು. ಅವಳ ಪದ್ಧತಿ ಒಂದು ಗಂಟಿಗೆ ಒಂದು ಊಟ. ಗಂಟಿನೊಳಗೆ ನಾಲ್ಕಾಗಿ ಮುರಿದ ಎರಡು ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಒಂದು ತುಂಡು ಬೆಲ್ಲ. "ಇದರ ಕೂಡ ಆ ಊರಾಗ ಹಸೀದು ಏನರ ತಗೋ. ಮೊಸರು ತಗೋ, ಹಣ್ಣು ತಗೋ. ಅರಿವಿ ಹೊಳ್ಳಿ ತಂದು ಕೊಡು." ಬಟ್ಟೆ ತಪ್ಪದೆ ವಾಪಸು ತರುತ್ತೇನೆ ಎಂದೆ. ರೊಟ್ಟಿಗೆ ರೊಕ್ಕ ತೆಗೆದುಕೊಂಡಳು, ಹಿಂಡಿಗೆ ತೆಗೆದುಕೊಳ್ಳಲಿಲ್ಲ.

ನಾನು ಮೊಸರು, ಹಣ್ಣು ಏನೂ ಕೊಳ್ಳಲಿಲ್ಲ. ಅಷ್ಟೇ ಅಲ್ಲ, ಒಂದು ಗಂಟನ್ನು ಬಿಚ್ಚಿ ಅರ್ಧ ಉಂಡು, ಉಳಿದರ್ಧವನ್ನು ಮತ್ತೆ ಕಟ್ಟಿ ಇನ್ನೊಂದು ಊಟಕ್ಕೆ ಇಡುತ್ತಿದ್ದೆ. ಎಂಟು ತಿಂಗಳು ಹೀಗೇ ನಡೆಯಿತು. ಒಂದು ದಿನ ವಾಪಸು ಹಾರಾಟದಲ್ಲಿ ಚಹಾದ ಕೆಟಲು ಹಿಡಿದುಕೊಂಡೇ ಕುಸಿದುಬಿದ್ದೆ. ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ, ಗುಳಿಗೆ ಬರೆದು, ಮೂರು ವಾರ ರಜೆ ಕೊಟ್ಟರು. ಮೂರು ವಾರದಲ್ಲಿ ರಕ್ತ ಏರದಿದ್ದರೆ ಕಾಯಂ ಮಾಡುವ ಮಾತೇ ಇಲ್ಲ ಎಂದು ಕಚೇರಿಯವರು ಹೇಳಿದರು.

ಊರಿಗೆ ಹೋಗುವ ಹಾಗಿರಲಿಲ್ಲ. ಅವ್ವನಿಗೆ ಗೊತ್ತಾದರೆ ಆ ಕ್ಷಣವೇ ನೌಕರಿ ಬಿಡಿಸುತ್ತಿದ್ದಳು. ಯಾದಗಿರಿಯಲ್ಲಿ ಇಳಿದು ಖಾನಾವಳಿಗೆ ಹೋದೆ. ರಜೆ ಸಿಕ್ಕಿದೆ ಎಂದಷ್ಟೇ ಹೇಳಿದೆ. ಅವಳು ನನ್ನ ಚೀಲದಿಂದ ಖಾಲಿ ಬಟ್ಟೆಗಳನ್ನು ತೆಗೆದಳು. ಒಂದನ್ನು ಬೆಳಕಿಗೆ ಹಿಡಿದಳು, ಇನ್ನೊಂದನ್ನು ಹಿಡಿದಳು.

"ಇದರಾಗ ಎರಡ ಗಂಟಿನ ಸುಕ್ಕ ಅದಾವ. ನಾ ಕಟ್ಟಿದ್ದು ಒಂದ."

ಅವಳು ಮೂರನೆಯದನ್ನೂ ಬೆಳಕಿಗೆ ಹಿಡಿದಳು.

"ಎಲ್ಲಾ ಅರಿವಿನೂ ಹಿಂಗ ಅದಾವ."

ಆಗ ಎಲ್ಲ ಹೇಳಿದೆ. ಅಂಗಡಿ, ಬುಟ್ಟಿ, ಚಹಾದ ಕೆಟಲು, ಮೂರು ವಾರ. ಅಳಬಾರದು ಎಂದುಕೊಂಡಿದ್ದೆ... ಅವಳು ಬಟ್ಟೆಗಳನ್ನು ಒಂದರ ಮೇಲೊಂದು ಮಡಚುತ್ತ ಕೇಳಿದಳು.

"ಉಣ್ಣಲಿ ಅಂತ ಕಟ್ಟಿ ಕೊಟ್ರ, ನನ್ನ ರೊಟ್ಟಿ ಮುಂದಿಟ್ಟುಕೊಂಡು ಉಪಾಸ ಮಾಡೀಯೇನು ಖೋಡಿ?"

"ಬುಟ್ಟಿ ಹೊತ್ತ ಅವ್ವನ ಕುತ್ತಿಗಿ ನೋಡಾಕ ಆಗಂಗಿಲ್ರಿ, ದೊಡ್ಡವ್ವ. ಅಂಗಡಿ ಜಲ್ದಿ ಆಗಲಿ ಅಂತ..."

"ಅಂಗಡಿ ಒಂದ ವರ್ಷ ತಡಾ ಆದ್ರ ಗಾಜಿನ ಬಳಿ ಏನೂ ಹುಳಾ ಹಿಡಿಯಂಗಿಲ್ಲ. ಏಳು, ಮಾರಿ ತೊಳಕೋ."

ಹತ್ತೊಂಬತ್ತು ದಿನ ಅವಳ ಮಾಳಿಗೆ ಮನೆಯಲ್ಲಿ ಉಳಿದೆ. ಅವಳಿಗೆ ಗಡಿಯಾರ ನೋಡಲು ಬರುತ್ತಿರಲಿಲ್ಲ, ರೈಲಿನ ಸದ್ದು ಗೊತ್ತಿತ್ತು. ಬೆಳಗಿನ ಪ್ಯಾಸೆಂಜರಿಗೆ ಮೆಂತೆಪಲ್ಲೆ ರೊಟ್ಟಿ. ಮಧ್ಯಾಹ್ನದ ಗಾಡಿಗೆ ಪೂರಾ ಊಟ. ಸಂಜೆಯ ಗಾಡಿಗೆ ಬೆಲ್ಲ, ಶೇಂಗಾ, ಒಂದು ಹಣ್ಣು. ಗಾಡಿ ತಡವಾದರೆ ಊಟ ತಡವಾಗುತ್ತಿರಲಿಲ್ಲ. ಗಾಡಿಗೆ ಬೈಗುಳ ಬೀಳುತ್ತಿತ್ತು. ತರಬೇತಿಯಲ್ಲಿ ನನಗೆ ಶಿಸ್ತು ಕಲಿಸಿದರು ಎಂದು ಎಲ್ಲರೂ ತಿಳಿದಿದ್ದಾರೆ. ಹೊತ್ತಿಗೆ ಸರಿಯಾಗಿ ಉಣ್ಣುವ ಶಿಸ್ತನ್ನು ಕಲಿಸಿದವಳು ಅವಳು. ಮೂರು ವಾರದ ಕೊನೆಗೆ ಮುಂಬೈಯಲ್ಲಿ ರಕ್ತ ಕೊಟ್ಟೆ. ಡಾಕ್ಟರು ಕಾಗದ ನೋಡಿ, ಇನ್ನೂ ಸ್ವಲ್ಪ ಕಡಿಮೆ ಇದೆ, ಆದರೆ ಹಾರಬಹುದು ಎಂದು ಸಹಿ ಮಾಡಿದರು.

ಹೊರಡುವ ದಿನ ಗಂಟು ಕೊಡುವ ಮೊದಲು ಅವಳು ಒಂದು ಕರಾರು ಹಾಕಿದ್ದಳು. "ನಿನ್ನ ಬಾಯಿ ಮಾತು ನಾ ನಂಬಂಗಿಲ್ಲ. ಯಾವ ಊರಿಗಿ ಹೋಗ್ತಿ, ಆ ಊರಿನ ಹಣ್ಣು ತಿನ್ನು. ಬೀಜ ಅರಿವ್ಯಾಗ ಕಟ್ಟಿ ತಾ. ಬೀಜ ಬಂದರ ಮುಂದಿನ ಗಂಟು. ಇಲ್ಲಂದ್ರ ಇಲ್ಲ."

ಬೀಜ ತರಬೇಕಾದ್ದರಿಂದ ನಾನು ಊರು ನೋಡಲು ಕಲಿತೆ. ಅಲ್ಲಿಯವರೆಗೆ ನನಗೆ ಎಲ್ಲ ಊರೂ ಒಂದು ಹೋಟೆಲಿನ ಕೋಣೆ. ಈಗ ಇಳಿದ ಮೇಲೆ ಸ್ನಾನ, ಎರಡು ತಾಸು ನಿದ್ದೆ, ಆಮೇಲೆ ಕೈಚೀಲ ಹಿಡಿದು ಅಲ್ಲಿಯ ಜನ ತರಕಾರಿ ಕೊಳ್ಳುವ ಜಾಗ ಹುಡುಕುವುದು. ಹೋಟೆಲಿನ ಒಂದು ಊಟದ ಬೆಲೆಗೆ ಸಂತೆಯಲ್ಲಿ ಎರಡು ದಿನದ ಮೊಸರು, ಸವತೆಕಾಯಿ, ಹಣ್ಣು ಸಿಗುತ್ತಿತ್ತು. ಅಂಗಡಿ ಮುಚ್ಚುವ ಹೊತ್ತಿಗೆ ಹೋದರೆ ಇನ್ನೂ ಕಡಿಮೆ. ಕೋಣೆಯ ಜೊತೆ ಕೊಡುವ ಬೆಳಗಿನ ತಿಂಡಿಯನ್ನು ಎಂದೂ ತಪ್ಪಿಸಲಿಲ್ಲ, ಎರಡು ಬೇಯಿಸಿದ ಮೊಟ್ಟೆ ಕಡ್ಡಾಯ. ರೊಟ್ಟಿಯ ತುಂಡು ಮೊಸರಿನಲ್ಲಿ ನೆನೆಸಿ, ಹಿಂಡಿ ಕಲಸಿ, ಕಿಟಕಿಯ ಬಳಿ ಕುಳಿತು ಉಣ್ಣುತ್ತಿದ್ದೆ. ಮುಖ ತುಂಬಿತು. ಉಳಿತಾಯವೂ ಆಯಿತು.

ದುಬೈಯಿಂದ ಖರ್ಜೂರದ ಬೀಜ, ಲಂಡನ್ನಿನಿಂದ ಸೇಬಿನದು, ಸಿಂಗಾಪುರದಿಂದ ಹೆಸರೇ ಬಾರದ ಒಂದು ಕೆಂಪು ಹಣ್ಣಿನದು. ಅವಳು ಒಂದೊಂದನ್ನೂ ಕೈಯಲ್ಲಿ ಹೊರಳಿಸಿ ನೋಡುತ್ತಿದ್ದಳು. ಮೊದಮೊದಲು ಹೌದಿನ ಪಕ್ಕ ಮಣ್ಣಿನಲ್ಲಿ ಊರಿದಳು.

ಅಷ್ಟರಲ್ಲಿ ನನ್ನ ಮೇಲಿನ ಅಧಿಕಾರಿ, ಪರದೇಶದ ಬೀಜ ತರುವುದು ನಿಯಮಕ್ಕೆ ವಿರುದ್ಧ ಎಂದು ಹೇಳಿದರು. ಅಂದು ರಾತ್ರಿ ಯೋಚನೆಗೆ ಬಿದ್ದೆ. ಬೀಜ ತರದಿದ್ದರೆ ಗಂಟು ಇಲ್ಲ, ತಂದರೆ ನಿಯಮ ಮುರಿದ ಹಾಗೆ. ಹುಟ್ಟದ ಬೀಜ ಬೀಜವೇ ಅಲ್ಲ ಎಂದು ನಾನೇ ಒಂದು ತೀರ್ಪು ಕೊಟ್ಟುಕೊಂಡೆ. ಅಂದಿನಿಂದ ಪ್ರತಿ ಬೀಜವನ್ನೂ ಹೋಟೆಲಿನ ಕೆಟಲಿನಲ್ಲಿ ಚೆನ್ನಾಗಿ ಕುದಿಸಿ, ಒರೆಸಿ, ಒಣಗಿಸಿ ತರತೊಡಗಿದೆ. ಅವಳಿಗೆ ಹೇಳಲಿಲ್ಲ.

"ನೀ ತಂದದ್ದು ಒಂದೂ ಹುಟ್ಟವಲ್ದು ನೋಡು, ವಿಮಾನದಾಕಿ. ಯಾಕಿರಬೇಕು?" ಎಂದು ಪ್ರತಿ ಸಲ ಕೇಳುತ್ತಿದ್ದಳು.

"ಅಲ್ಲಿ ಹವಾ ಬ್ಯಾರೆ ಅಲ್ರಿ, ದೊಡ್ಡವ್ವ."

"ಹೌದಲ್ಲ. ಹವಾ ಬ್ಯಾರೆ" ಎಂದು ಅವಳು ರೊಟ್ಟಿ ತಿರುವಿ ಹಾಕುತ್ತಿದ್ದಳು. ನಾನು ತಲೆ ತಗ್ಗಿಸಿ ಉಣ್ಣುತ್ತಿದ್ದೆ. ಮುಂದಿನ ಸಲ ಹೇಳಿದರಾಯಿತು ಎಂದುಕೊಳ್ಳುತ್ತಿದ್ದೆ.

ಅಂಗಡಿ ಒಂದು ವರ್ಷವಲ್ಲ, ಎರಡು ವರ್ಷ ತಡವಾಯಿತು. ಆದರೆ ಆಯಿತು. ಅವ್ವ ಹದಿನಾಲ್ಕು ವರ್ಷ ಆ ಅಂಗಡಿಯಲ್ಲಿ ನೆರಳಿಗೆ ಕುಳಿತು ಬಳೆ ತೊಡಿಸಿದಳು. ಬಾಗಿಲು ತೆರೆದ ದಿನ ಮೊದಲ ಡಜನ್ ಹಸಿರು ಬಳೆ ಖಾನಾವಳಿ ದೊಡ್ಡವ್ವನಿಗೆ ಕಳಿಸಿದಳು. ರೊಟ್ಟಿ ಬಡಿಯುವ ಕೈಗೆ ಎಷ್ಟು ದಿನ ತಾಳೀತು... ಆದರೂ ತೊಟ್ಟಳು.

ಆಮೇಲೆ ನನ್ನ ದಾರಿ ಬದಲಾಯಿತು. ನೆಲೆ ಹೈದರಾಬಾದಿಗೆ ಬಂತು, ಅಲ್ಲಿಂದ ನೇರ ಕಾರು. ಅವ್ವ ತೀರಿಕೊಂಡ ಮೇಲೆ ಊರಿಗೆ ಬರುವುದೇ ಕಡಿಮೆಯಾಯಿತು. ಯಾದಗಿರಿ ಸ್ಟೇಷನ್ನಿಗೆ ನನಗೆ ಕೆಲಸವಿರಲಿಲ್ಲ. ಎರಡು ವರ್ಷ ಬಿಟ್ಟು ಒಮ್ಮೆ ಹೋದಾಗ ಒಲೆಯ ಮುಂದೆ ಸೊಸೆ ಕುಳಿತಿದ್ದಳು. ದೊಡ್ಡವ್ವ ತೀರಿಹೋಗಿ ಆಗಲೇ ನಾಲ್ಕು ತಿಂಗಳಾಗಿತ್ತು. ಊಟ ಮಾಡಿ, ಮೊಸರು ಉಂಡು, ಎದ್ದು ಬಂದೆ.

ಇಂದು ಡಬ್ಬಿ ತಂದವಳು ಅದೇ ಸೊಸೆ. ಬಟ್ಟೆ ಎತ್ತಿದಾಗ ಕೆಳಗೆ ಬೀಜಗಳು. ಖರ್ಜೂರ, ಸೇಬು, ಆ ಕೆಂಪು ಹಣ್ಣಿನದು. ಡಬ್ಬಿಯ ಅರ್ಧಕ್ಕಿಂತ ಹೆಚ್ಚು.

ಇಷ್ಟು ವರ್ಷ ಬಾಯಿಗೆ ಬಾರದ ಮಾತನ್ನು ಅವಳೆದುರು ಆಡಿದೆ. "ಇವೆಲ್ಲಾ ಕುದಿಸಿ ತಂದಿದ್ದೆ, ಯವ್ವಾ, ನಾನು. ಹುಟ್ಟಂಗಿಲ್ಲ ಅಂತ ನನಗ ಗೊತ್ತಿತ್ತು. ನಿಮ್ಮ ಅತ್ತಿಗಿ ಹೇಳಲಿಲ್ಲ."

ಅವಳು ನಕ್ಕಳು. ನಗು ಅತ್ತೆಯದೇ, ಸೆರಗು ಬಾಯಿಗೆ ಹಿಡಿದು. "ಅತ್ತಿಗಿ ಗೊತ್ತಿತ್ತ್ರಿ. ಅಡಿಗಿ ಮಾಡಾಕಿಗಿ ಕುದ್ದದ್ದು ಹಸೀದು ತಿಳಿಯಂಗಿಲ್ಲೇನ್ರಿ? ಕುದ್ದ ಬೀಜ ಕಂಡಾಗನ ಊರೂದು ಬಿಟ್ಟಿದ್ಲು. ಮತ್ಯಾಕ ಬೀಜ ಕೇಳ್ತಿ ಅಂದ್ರ, ಗಿಡ ಯಾರಿಗಿ ಬೇಕಾಗ್ಯಾದ, ಹುಡುಗಿ ಉಂಡಾಳಿಲ್ಲೋ ಅನ್ನೂದು ಬೇಕಾಗ್ಯಾದ ಅಂತಿದ್ಲು."

"ಈ ಅರಿವಿ?"

"ನೀವು ಬರೂದು ಬಿಟ್ಟ ಮ್ಯಾಲ ತೊಳದು ಇಟ್ಟಿದ್ಲ್ರಿ. ಬಂದರ ಕಟ್ಟಾಕ ಹುಡಕಬಾರದು ಅಂತ."

ನಾನು ಚಹಾ ಮಾಡುವ ನೆಪದಲ್ಲಿ ಒಳಗೆ ಹೋದೆ.

ಹನ್ನೊಂದೂವರೆಯ ಬಸ್ಸಿಗೆ ಅವಳನ್ನು ಹತ್ತಿಸಿ ಬಂದೆ. ಒಂದು ಗಂಟೆಗೆ ಊಟಕ್ಕೆ ಕುಳಿತೆ. ಎರಡು ರೊಟ್ಟಿ, ಹೆಸರುಕಾಳು, ಸವತೆಕಾಯಿ, ಮೊಸರು. ಬಸ್ ನಿಲ್ದಾಣದ ಬಳಿ ಕೊಂಡ ಒಂದು ಸೀತಾಫಲ. ಬೀಜಗಳನ್ನು ಬಟ್ಟಲಿನಲ್ಲಿ ಹಾಕಿಕೊಂಡೆ. ಅಭ್ಯಾಸದಂತೆ ಒಲೆಯ ಕಡೆ ಒಂದು ಹೆಜ್ಜೆ ಇಟ್ಟು, ನಿಂತೆ.

ನಾಲ್ಕು ಬಟ್ಟೆ ಒಗೆದು ಹಗ್ಗಕ್ಕೆ ಹಾಕಿದೆ. ಡಬ್ಬಿಯನ್ನು ಒರೆಸಿ ಕಪಾಟಿನಲ್ಲಿ ಇಟ್ಟೆ. ಹಿತ್ತಲಿನಲ್ಲಿ, ಕೈ ತೊಳೆಯುವ ಕಲ್ಲಿನ ಪಕ್ಕ, ನಾಲ್ಕು ಬೆರಳು ಆಳ ತೋಡಿ ಮೂರು ಬೀಜ ಊರಿದೆ, ಹಸಿಯಾಗಿಯೇ. ಮೇಲೆ ಮಣ್ಣು ಎಳೆದು, ಅಲ್ಲೇ ನಿಂತು ಕೈ ತೊಳೆದುಕೊಂಡೆ. ನೀರು ತಾನಾಗಿ ಅತ್ತ ಹರಿಯಿತು. ಸಮಯ ಎರಡು ಗಂಟೆ ಐದು ನಿಮಿಷ.