ಶೈಲಜಾ ಬದಲಿಗೆ ಮೋನಪ್ಪ

ಶೈಲಜಾ ಅವರಿಗೆ ದಪ್ಪ ಮೀಸೆ ಇತ್ತು.

ನಂಬಿ, ಕಣ್ಣಾರೆ ಕಂಡದ್ದು. ಕಳೆದ ತಿಂಗಳು, ಮಡಿಕೇರಿಯ ಒಂದು ಸಭಾಂಗಣದಲ್ಲಿ. ಮೇಜಿನ ಮೇಲೆ ‘ಶೈಲಜಾ’ ಎಂದು ಬರೆದ ರಟ್ಟಿನ ಹೆಸರು ಹಲಗೆ. ಅದರ ಹಿಂದೆ ಅರವತ್ತಕ್ಕೆ ಹತ್ತಿರದ ಗಂಡಸೊಬ್ಬರು ಸ್ವೆಟರ್ ಹಾಕಿಕೊಂಡು ಕೈಕಟ್ಟಿ ಕೂತಿದ್ದರು. ಹಾಜರಿ ಕರೆಯುವಾಗ "ಶೈಲಜಾ?" ಎಂದರೆ ಗಂಭೀರವಾಗಿ "ಇದ್ದೇನೆ" ಎಂದರು. ಸಭೆಯಲ್ಲಿ ಯಾರೂ ನಗಲಿಲ್ಲ. ನಗು ಬಂದದ್ದು ನನಗೊಬ್ಬನಿಗೇ.

ನಾನೇಕೆ ಅಲ್ಲಿದ್ದೆ ಅಂತ ಹೇಳಿಬಿಡುತ್ತೇನೆ. ಕಾಲೇಜಿನಲ್ಲಿ ಪಾಠ ಮಾಡಿ ನಿವೃತ್ತನಾದವನನ್ನು ಇಂಥ ಕಡೆ ‘ಸಂಪನ್ಮೂಲ ವ್ಯಕ್ತಿ’ ಎನ್ನುತ್ತಾರೆ. (ಮನೆಯಲ್ಲಿ ಈ ಬಿರುದಿಗೆ ಬೆಲೆಯಿಲ್ಲ. ಅಲ್ಲಿ ನನ್ನನ್ನು ಹಾಲು ತರಲು ಕಳಿಸುತ್ತಾರೆ.) ಅದು ಸರ್ಕಾರಿ ನೌಕರರಿಗೆ ಎರಡು ದಿನದ ತರಬೇತಿ. ಕೌಂಟರಿಗೆ ಬಂದ ಜನರೊಡನೆ ಮಾತಾಡುವುದು ಹೇಗೆ ಎಂಬುದು ವಿಷಯ. ಎರಡನೇ ದಿನ ಮಧ್ಯಾಹ್ನ ಪ್ರತಿಯೊಬ್ಬರೂ ಒಂದು ಸಣ್ಣ ಪಾಠ ಮಾಡಿ ತೋರಿಸಬೇಕು. ಚೆನ್ನಾಗಿ ಮಾಡಿದವರು ಜಿಲ್ಲೆಯ ಟ್ರೇನರ್ ಆಗುತ್ತಾರೆ, ಅಂದರೆ ತಿಂಗಳಲ್ಲಿ ಕೆಲವು ದಿನ ಬೇರೆ ಬೇರೆ ಕಚೇರಿಗಳಿಗೆ ಹೋಗಿ ಕಲಿಸುತ್ತಾರೆ. ಪಾಠ ಕೇಳಿ ಆಯ್ಕೆ ಮಾಡುವ ಮೂವರಲ್ಲಿ ನಾನೂ ಒಬ್ಬ.

ಊಟದ ಹೊತ್ತಿಗೆ ತಟ್ಟೆ ಹಿಡಿದು ಮೀಸೆಯವರ ಪಕ್ಕದಲ್ಲೇ ಹೋಗಿ ಕೂತೆ. ಹೆಸರು ಮೋನಪ್ಪ, ಊರು ಸಂಪಾಜೆ ಕಡೆ. ಕುಶಾಲನಗರದ ಹತ್ತಿರದ ಒಂದು ಕಚೇರಿಯಲ್ಲಿ ಅಟೆಂಡರ್. (ಯಾವ ಕಚೇರಿ ಅಂತ ಕೇಳಬೇಡಿ. ನಿಮ್ಮೂರಿನದೇ ಅಂದುಕೊಂಡರೂ ನಷ್ಟವಿಲ್ಲ.)

"ಈ ಶೈಲಜಾ ಯಾರು ಮೋನಪ್ಪನವರೇ?"

"ನಮ್ಮ ಕೌಂಟರಿನ ಮೇಡಂ ಸಾರ್. ಅವರೇ ಬರಬೇಕಿತ್ತು. ಅವರು ಬಂದ್ರೆ ಆಫೀಸು ನಿಂತು ಹೋಗ್ತದೆ. ನಾನು ಬಂದ್ರೆ ಎಂತ ಆಗ್ತದೆ? ಎಂತದೂ ಆಗೂದಿಲ್ಲ. ಹಾಗೆ ನನ್ನನ್ನು ಕಳಿಸೂದು."

ಹೆಚ್ಚಿನ ಆಫೀಸುಗಳಲ್ಲಿ ಇಂಥವರೊಬ್ಬರು ಇರುತ್ತಾರಂತೆ, ತರಬೇತಿಗೆಂದೇ ಮೀಸಲಿಟ್ಟವರು. ಮೇಲಿನಿಂದ ‘ಒಬ್ಬರನ್ನು ಕಳಿಸಿ’ ಎಂದು ಆದೇಶ ಬರುತ್ತದೆ. ಯಾರಿಗೆ ಕಲಿಯುವ ಆಸೆಯಿದೆ, ಯಾರಿಗೆ ಕಲಿತರೆ ಉಪಯೋಗ ಎಂದು ಯಾರೂ ಕೇಳುವುದಿಲ್ಲ. ಯಾರು ಇಲ್ಲದಿದ್ದರೂ ನಡೆಯುತ್ತದೆ ಎಂದಷ್ಟೇ ನೋಡುತ್ತಾರೆ. ಮೋನಪ್ಪ ಹೀಗೆ ವಿಪತ್ತು ನಿರ್ವಹಣೆ ಕಲಿತಿದ್ದಾರೆ. ಪ್ರಥಮ ಚಿಕಿತ್ಸೆ, ಮಾಹಿತಿ ಹಕ್ಕು, ಒತ್ತಡ ನಿವಾರಣೆ, ಎಲ್ಲವೂ ಆಗಿದೆ. ಅವರ ಮನೆಯಿಂದ ಸಂತೆಗೆ ಒಯ್ಯುವ ಬ್ಯಾಗುಗಳೆಲ್ಲ ತರಬೇತಿಯಲ್ಲಿ ಕೊಟ್ಟವೇ.

"ಕಲಿತದ್ದನ್ನ ಆಫೀಸಿನಲ್ಲಿ ಯಾರಿಗಾದರೂ ಹೇಳಿದ್ದೀರಾ?"

"ಒಮ್ಮೆ ಹೇಳ್ಲಿಕ್ಕೆ ಹೋದೆ ಸಾರ್. ಮೊದಲು ಚಾ ತಾ ಅಂದ್ರು."

ಅವರು ನಕ್ಕರು. ನನಗೆ ಜೊತೆಗೂಡಿ ನಗಲು ಆಗಲಿಲ್ಲ. ಬಳಿಕ ಮೋನಪ್ಪ ಅನ್ನ ಕಲಸುತ್ತಾ ದನಿ ತಗ್ಗಿಸಿದರು.

"ಆದ್ರೆ ಇದು ಬೇರೆ ಎಲ್ಲದರ ಹಾಗಲ್ಲ ಸಾರ್. ಟ್ರೇನರ್ ಮಾಡ್ತಾರಂತಲ್ಲ? ಮೇಡಂ ಅದಕ್ಕೇ ಅರ್ಜಿ ಹಾಕಿದ್ದು. ಟೀಚರ್ ಆಗ್ಬೇಕೂಂತ ಇದ್ದವರು, ಈ ಕೆಲಸ ಸಿಕ್ಕಿತು, ಸೇರಿದ್ರು. ಹೆಸರು ಬಂದ ದಿನ ಎಲ್ಲರಿಗೂ ಸ್ವೀಟ್ ಹಂಚಿದ್ರು. ಈಗ ನೋಡಿ, ಅವರ ಜಾಗದಲ್ಲಿ ನಾನು ಪಾಯಸ ತಿಂತಾ ಇದ್ದೇನೆ."

ಮರುದಿನ ಅದೇ ಹಲಗೆಯ ಹಿಂದೆ ನಿಜವಾದ ಶೈಲಜಾ ಕೂತಿದ್ದರು! ಮೂವತ್ತು ದಾಟಿದ ಹೆಣ್ಣುಮಗಳು. ಅಜ್ಜನ ಕಾಲದಲ್ಲಿ ಹಾಸನದ ಕಡೆಯಿಂದ ಬಂದು ಕುಶಾಲನಗರದ ಬಳಿ ಜಮೀನು ಮಾಡಿಕೊಂಡ ಮನೆತನ. ಹೇಗೆ ಬಿಟ್ಟರಮ್ಮ ನಿಮ್ಮನ್ನು ಎಂದು ಕೇಳಿದೆ.

"ಮೋನಪ್ಪಣ್ಣ ಬೆಳಿಗ್ಗೆನೇ ಸಾಹೇಬ್ರಿಗೆ ಫೋನ್ ಮಾಡಿ, ಹೊಟ್ಟೆ ಕೆಟ್ಟಿದೆ, ಮಡಿಕೇರಿ ಬಸ್ ಹತ್ತಕ್ಕಾಗಲ್ಲ ಅಂದ್ರಂತೆ ಸಾರ್. ಇಲ್ಲಿ ಕುರ್ಚಿ ಖಾಲಿ ಇದ್ರೆ ಆಫೀಸಿಗೆ ನೋಟಿಸ್ ಬರುತ್ತಲ್ಲ? ಬೇರೆ ಯಾರೂ ಇರ್ಲಿಲ್ಲ. ಸರಿ, ನೀವೇ ಹೋಗಿ ಅಂದ್ರು." ಆಮೇಲೆ ಸೆರಗು ಬಾಯಿಗಿಟ್ಟುಕೊಂಡು ನಗುತ್ತಾ ಹೇಳಿದರು: "ಬಸ್‌ಸ್ಟ್ಯಾಂಡಿಗೆ ಬಂದು ನೋಡಿದ್ರೆ ಮೋನಪ್ಪಣ್ಣ ಹೋಟ್ಲಲ್ಲಿ ಪರೋಟ ತಿಂತಾ ಕೂತಿದ್ರು."

ಮೆಚ್ಚಿದೆ ಮೋನಪ್ಪ. ಇಷ್ಟು ವರ್ಷ ಖಾಲಿ ಕುರ್ಚಿ ತುಂಬಿಸಿ ತುಂಬಿಸಿ, ಆಫೀಸು ಯಾವುದಕ್ಕೆ ಹೆದರುತ್ತದೆ ಎಂಬುದನ್ನು ಚೆನ್ನಾಗಿಯೇ ಅರಿತಿದ್ದರು.

ಆದರೆ ಶೈಲಜಾ ಬಂದರೂ ಆಫೀಸು ಅವರನ್ನು ಬಿಡಲಿಲ್ಲ. ಸೈಲೆಂಟ್ ಮಾಡಿಟ್ಟ ಫೋನು ಮೇಜಿನ ಮೇಲೆ ಗುರ್ರೆನ್ನುತ್ತಲೇ ಇತ್ತು. ಅಲ್ಲಿಯ ಕಂಪ್ಯೂಟರಿನಲ್ಲಿ ಅರ್ಜಿ ಮುಂದೆ ಹೋಗಬೇಕಾದರೆ ಈಕೆಯ ಹೆಬ್ಬೆರಳು ಒತ್ತಬೇಕು. ಹೆಬ್ಬೆರಳು ಮಡಿಕೇರಿಯಲ್ಲಿದೆ, ಕಂಪ್ಯೂಟರು ಕುಶಾಲನಗರದ ಹತ್ತಿರ ಇದೆ. ಮಾಡುವುದೇನು?

ಊಟ ಮುಗಿಯುವಷ್ಟರಲ್ಲಿ ನನ್ನ ಬಳಿ ಬಂದರು. "ಸಾರ್, ವಾಪಸ್ ಬಾ ಅಂತಿದಾರೆ. ಸ್ಕಾಲರ್‌ಶಿಪ್‌ಗೆ ಸರ್ಟಿಫಿಕೇಟ್ ಬೇಕು ಅಂತ ಜನ ಬಂದಿದಾರಂತೆ. ಇವತ್ತೇ ಕಡೇ ದಿನ. ಗಲಾಟೆ ಮಾಡ್ತಾ ಇದಾರಂತೆ. ನನ್ನ ಪಾಠ ಕೊನೇಲಿದೆ."

ಆಯ್ಕೆ ಮಾಡುವ ಉಳಿದ ಇಬ್ಬರನ್ನು ಕೇಳಿದೆ. ಅವರೂ ಒಪ್ಪಿದರು. ಕೊನೆಯ ಪಾಠ ಮೊದಲಾಯಿತು.

ಶೈಲಜಾ ಎದ್ದು ನಿಂತರು. ಮೊದಲ ವಾಕ್ಯದ ಅರ್ಧದಲ್ಲೇ ತಡವರಿಸಿದರು. ಆಮೇಲೆ ಎದುರಿಗಿದ್ದ ಒಬ್ಬ ದಾಂಡಿಗ ಯುವಕನನ್ನು ಕರೆದು, "ನೀವೀಗ ಎಸ್ಟೇಟಿನ ಕೂಲಿಯವರ ಲೈನ್‌ಮನೆ ಅಜ್ಜಿ" ಎಂದರು. ಸಭೆ ನಕ್ಕಿತು. ಕಾಫಿ ಪಿಕಿಂಗ್ ಮಾಡಿ ಮಾಡಿ ಬೆರಳ ಗೆರೆ ಸವೆದಿದೆ, ಯಂತ್ರ ಒಪ್ಪುತ್ತಿಲ್ಲ, ಈಗ ಅಜ್ಜಿಗೆ ಏನು ಹೇಳುತ್ತೀರಿ ಎಂದು ಕೇಳಿದರು. ಒಬ್ಬರು "ಬೆರಳು ಸರಿಯಿಲ್ಲ, ಇನ್ನೊಂದು ದಿನ ಬಾ ಅಂತೇವೆ" ಎಂದರು.

"ಹಂಗನ್ಬೇಡಿ" ಎಂದರು ಶೈಲಜಾ. "ಮಿಷನ್‌ಗೆ ಗೊತ್ತಾಗ್ತಿಲ್ಲ ಅಜ್ಜಿ, ನಿಮ್ಮ ಬೆರಳು ಸರಿಯಾಗೇ ಇದೆ ಅನ್ನಿ. ಇಲ್ದಿದ್ರೆ ಅವ್ರು ಮನೆಗೆ ಹೋಗಿ ತಮ್ಮ ಬೆರಳನ್ನೇ ನೋಡ್ಕೊಂಡು ಕೂತಿರ್ತಾರೆ. ಕೂತ್ಕೊಳ್ಳಕ್ಕೆ ಕುರ್ಚಿ ಕೊಡಿ. ಬೇರೆ ಏನು ದಾರಿ ಇದೆ ಅಂತ ಆಮೇಲೆ ನೋಡಿ."

ಹಿಂದಿನ ಸಾಲಿನಲ್ಲಿ ತೂಕಡಿಸುತ್ತಿದ್ದವರೂ ತಲೆಯೆತ್ತಿದರು. ಇಷ್ಟು ವರ್ಷ ಪಾಠ ಮಾಡಿದವನಿಗೆ, ಎದುರಿಗೊಬ್ಬ ಟೀಚರ್ ನಿಂತಿದ್ದಾರೆ ಎಂದು ತಿಳಿಯಲು ಹೆಚ್ಚು ಹೊತ್ತು ಬೇಕಿಲ್ಲ. ಪಾಠ ಮುಗಿಸಿದವರೇ ಶೈಲಜಾ ಚಪ್ಪಾಳೆಗೂ ಕಾಯದೆ ಬ್ಯಾಗ್ ಎತ್ತಿಕೊಂಡು ಬಸ್ಸಿಗೆ ಓಡಿದರು. ಸಂಜೆ ನಾವು ಮೂವರೂ ಚರ್ಚೆಯೇ ಇಲ್ಲದೆ ಮೊದಲ ಹೆಸರು ಅವರದೇ ಬರೆದೆವು.

ಇಲ್ಲಿಗೇ ಅಂಕಣ ಮುಗಿಸುವಂತಿದ್ದರೆ ಎಷ್ಟು ಚೆನ್ನಾಗಿತ್ತು!

ಕಳೆದ ವಾರ ತರಬೇತಿ ನಡೆಸಿದವರು ಫೋನ್ ಮಾಡಿದ್ದರು. ಶೈಲಜಾ ಅವರ ಆಫೀಸಿನಿಂದ ಉತ್ತರ ಬಂದಿದೆಯಂತೆ. ಸದರಿಯವರ ಸೇವೆ ಕಚೇರಿಗೆ ಅತ್ಯಗತ್ಯ, ಬಿಡಲಾಗದು, ಅವರ ಬದಲಿಗೆ ಶ್ರೀ ಮೋನಪ್ಪನವರನ್ನು ಟ್ರೇನರ್ ಆಗಿ ನಿಯೋಜಿಸಿದೆ ಅಂತ!

ಸಿಟ್ಟು ನೆತ್ತಿಗೇರಿತು. ನೇರ ಆ ಸಾಹೇಬರಿಗೇ ಫೋನ್ ಹಚ್ಚಿದೆ. (ನನ್ನ ಹಳೆಯ ವಿದ್ಯಾರ್ಥಿ. ಸಣ್ಣ ಜಿಲ್ಲೆ, ಎಲ್ಲಿ ಹೋದರೂ ಹಳೆಯ ವಿದ್ಯಾರ್ಥಿಯೊಬ್ಬ ಸಿಕ್ಕೇ ಸಿಗುತ್ತಾನೆ.) ಬೈಯಲೆಂದೇ ಮಾಡಿದ್ದು. ಅವರು ಬೈಯಲು ಬಿಡಲಿಲ್ಲ.

"ಸಾರ್, ನನ್ನ ಆಫೀಸಲ್ಲಿ ಅರ್ಧ ಪೋಸ್ಟ್ ಖಾಲಿ. ಇರೋರಲ್ಲಿ ಕೆಲಸ ಪೂರ್ತಿ ಗೊತ್ತಿರೋದು ಇವರೊಬ್ಬರಿಗೆ. ಅವತ್ತು ಇವರು ಮಡಿಕೇರಿಗೆ ಬಂದಾಗ ಜನ ನನ್ನ ಟೇಬಲ್ ಗುದ್ದಿದ್ರು. ಮೇಡಂ ಎಲ್ಲಿ ಅಂತ ಕೇಳಿದ್ರು, ಟ್ರೇನಿಂಗ್ ಅಂದೆ. ಓಹೋ, ಸರ್ಕಾರದ ದುಡ್ಡಲ್ಲಿ ಊಟ ಮಾಡೋಕೆ ಹೋಗಿದಾರಾ ಅಂದ್ರು. ನೀವಾಗಿದ್ರೆ ಏನ್ಮಾಡ್ತಿದ್ರಿ?"

"ಅವರ ಕೆಲಸಾನ ಇನ್ನೊಬ್ಬರಿಗೆ ಕಲಿಸಬಾರದೇನಯ್ಯ?"

"ಕಲಿಸಕ್ಕೆ ಅವರಿಗೆ ಪುರುಸೊತ್ತೆಲ್ಲಿದೆ ಸಾರ್?"

ಫೋನಿಟ್ಟ ಮೇಲೆ ಯೋಚಿಸಿದೆ. ಈತ ಕೆಟ್ಟವನಲ್ಲ. ಮೋನಪ್ಪ ಕೆಟ್ಟವರಲ್ಲ. ಟೇಬಲ್ ಗುದ್ದಿದವರಿಗೂ ಮಕ್ಕಳ ಸ್ಕಾಲರ್‌ಶಿಪ್ ತಪ್ಪಿ ಹೋಗುವ ಭಯ. ಆದರೂ ನೋಡಿ, ಎಲ್ಲರೂ ಸೇರಿ ಒಬ್ಬ ಹೆಣ್ಣುಮಗಳನ್ನು ಕಟ್ಟಿ ಹಾಕಿದ್ದೇವೆ. ಸರ್ಕಾರಿ ನೌಕರರಿಗೆ ಏನೂ ಬರುವುದಿಲ್ಲ ಎಂದು ಬೈಯುವವರು ನಾವೇ. ಅವರು ಕಲಿಯಲು ಹೋದರೆ ಮಜಾ ಮಾಡಲು ಹೋಗಿದ್ದಾರೆ ಎನ್ನುವವರೂ ನಾವೇ. ಹಾಗಾದರೆ ಅವರು ಕಲಿಯುವುದು ಯಾವಾಗ?

ಇದು ಆ ಒಂದು ಆಫೀಸಿನ ಕಥೆ ಎಂದುಕೊಳ್ಳಬೇಡಿ. ಚೆನ್ನಾಗಿ ಸೂಜಿ ಚುಚ್ಚುವ ನರ್ಸು ಸೂಜಿಯ ಬಳಿಯಿಂದ ಅಲ್ಲಾಡುವಂತಿಲ್ಲ. ಕಂಬ ಹತ್ತಬಲ್ಲ ಲೈನ್‌ಮ್ಯಾನ್ ಕಂಬದಿಂದ ಇಳಿಯುವಂತಿಲ್ಲ. ಮನೆಯಲ್ಲೂ ಅಷ್ಟೇ, ಸಾರು ರುಚಿಯಾಗಿ ಮಾಡುವ ಸೊಸೆಗೆ ಒಲೆಯ ಮುಂದಿನ ಜಾಗ ಖಾಯಂ. ಕೆಲಸ ಬಲ್ಲವರ ತಲೆ ಮೇಲೆ ಇನ್ನಷ್ಟು ಕೆಲಸ ಹೇರಿ, ಅದನ್ನೇ ಮೆಚ್ಚುಗೆ ಎಂದು ಕರೆಯುತ್ತೇವೆ. ಅತ್ತ ಮೋನಪ್ಪನವರಂಥವರಿಗೆ ಎಲ್ಲವನ್ನೂ ಕಲಿಸಿ, ಒಂದನ್ನೂ ಮಾಡಲು ಬಿಡದೆ ನಿವೃತ್ತಿ ದಿನ ಶಾಲು ಹೊದಿಸುತ್ತೇವೆ. ಇಬ್ಬರಲ್ಲಿ ಯಾರಿಗೆ ಆಗಿರುವ ಅನ್ಯಾಯ ದೊಡ್ಡದು? ನೀವೇ ಹೇಳಿ.

ಆಫೀಸು ಮುಚ್ಚುವ ಹೊತ್ತಿಗೆ ಶೈಲಜಾ ಅವರಿಗೇ ಫೋನ್ ಮಾಡಿದೆ. ಬಸ್ಸಿಗೆ ಕಾಯುತ್ತಿದ್ದರು. ಬೇಜಾರಾಯಿತೇನಮ್ಮ ಎಂದು ಕೇಳಿದೆ.

"ಸಾಹೇಬ್ರು ಎಲ್ಲರ ಮುಂದೆ ಹೊಗಳಿದ್ರು ಸಾರ್. ನೀವಿಲ್ದೆ ಆಫೀಸೇ ಇಲ್ಲ ಅಂದ್ರು." ದನಿಯಲ್ಲಿ ಹೊಗಳಿಸಿಕೊಂಡವರ ಖುಷಿ ಇರಲಿಲ್ಲ.

ಮುಂದಿನ ವರ್ಷ ಮತ್ತೆ ಅರ್ಜಿ ಹಾಕಿ ಎಂದು ನನಗೆ ತೋಚಿದ್ದನ್ನು ಹೇಳಿದೆ. ಅವರು ನಗದೆಯೇ ಕೇಳಿದರು:

"ಸಾರ್, ಕೆಲಸ ಬರಲ್ಲ ಅಂತ ತೋರಿಸ್ಕೊಳ್ಳೋದು ಹೆಂಗೆ ಅಂತ ಎಲ್ಲಾದ್ರೂ ಟ್ರೇನಿಂಗ್ ಕೊಡ್ತಾರಾ?"